ನಾನು ಎಸಿ ಆರಿಸಿದ ಬೇಸಿಗೆ ಮತ್ತು ಅಂಜಲ್ ಎಂಬ ಹಾಡು

ಕಳೆದ ಶನಿವಾರ ಅಲ್ ಕೂಜ್‌ನ ಒಂದು ಕಾಫಿ ಅಂಗಡಿಯಲ್ಲಿ ನನ್ನ ಮುಂದೆ ಆಲೂಗಡ್ಡೆ ಚಿಪ್ಸ್ ತಂದಿಟ್ಟರು. ಚಿಪ್ಸ್ ಸರಿಯೇ ಇತ್ತು. ಅದನ್ನು ಹಾಕಿದ ಬೋಗುಣಿ ನೋಡಿ ನಾನು ಚಾಚಿದ ಕೈ ಹಿಂದೆ ತೆಗೆದೆ. ಕಪ್ಪು ಬೋಗುಣಿ, ಅಂಚೆಲ್ಲ ಮೇಲಕ್ಕೆ ಮಡಚಿ ಅಲೆ ಅಲೆ, ತಳದಲ್ಲಿ ಒಂದು ಗುಂಡು ಕಾಗದ, ಅದರ ನಡುವೆ ತೂತು. ಹಾಡಿನ ರೆಕಾರ್ಡನ್ನು ಓವನ್ನಿನಲ್ಲಿ ಬಿಸಿ ಮಾಡಿ, ಬಗ್ಗಿಸಿ, ಬೋಗುಣಿ ಮಾಡಿದ್ದು!

"ಮಮ್ಮಾ, ಇಟ್ಸ್ ಸೋ ಕ್ಯೂಟ್, ನೋ?" ಅಂದಳು ಮಗಳು ಶರಲ್. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಕೆಲಸ ಅವಳಿಗೆ. ತಿಂಗಳಿಗೊಮ್ಮೆ ದುಬೈಗೆ ಬಂದು ನಮ್ಮಿಬ್ಬರನ್ನು ಇಂಥ ಕಡೆಗೆ ಕರಕೊಂಡು ಹೋಗುತ್ತಾಳೆ. ಹಿಂದೆ ಟಯರು, ಪೈಪು ಇಡುತ್ತಿದ್ದ ಗೋದಾಮಿಗೆ ಸುಣ್ಣ ಬಳಿದು ಕಾಫಿ ಮಾರುತ್ತಾರೆ, ಮೂಲೆಯಲ್ಲಿ ಹಳೆ ರೆಕಾರ್ಡುಗಳ ಪೆಟ್ಟಿಗೆ ಇಡುತ್ತಾರೆ. ರೆಕಾರ್ಡು ಬೇಡ, ಕ್ಯಾಸೆಟ್ ಸಾಕು, ಕ್ಯಾಸೆಟ್ ಬೇಡ, ಸಿಡಿ ಸಾಕು ಅಂತ ಹೇಳಿದ ಈ ಲೋಕ ಈಗ ಪುನಃ ರೆಕಾರ್ಡೇ ಬೇಕು ಅನ್ನುತ್ತದೆ. ಲೋಕಕ್ಕೂ ನಮ್ಮವರಿಗೂ ಮಂಡೆ ಸಮ ಇಲ್ಲ ಅಂತ ನಾನು ಮೊದಲಿಂದ ಹೇಳುತ್ತಾ ಬಂದಿದ್ದೇನೆ.

ನಮ್ಮವರು ಎಲ್ಲಿ? ಇನ್ನೆಲ್ಲಿ, ಮೂಲೆಯಲ್ಲಿ. ಕನ್ನಡಕ ಹಣೆಗೇರಿಸಿ, ಬೆರಳ ತುದಿಯಲ್ಲಿ ರೆಕಾರ್ಡು ಒಂದೊಂದೇ ಸರಿಸುತ್ತಾ ನಿಂತಿದ್ದರು. ಅಲ್ಲಿಂದ ಹಳೆ ರಟ್ಟಿನ ವಾಸನೆ ನನ್ನ ಮೇಜಿನ ತನಕ ಬಂತು. ಆ ವಾಸನೆ, ಈ ಬೋಗುಣಿ, ಎರಡೂ ಸೇರಿ ನನ್ನನ್ನು ಹನ್ನೊಂದು ವರ್ಷ ಹಿಂದಿನ ಆ ದರಿದ್ರ ಬೇಸಿಗೆಗೆ ಎಳಕೊಂಡು ಹೋದವು. ಶರಲ್ ಆಗ ಒಂಬತ್ತನೇ ಕ್ಲಾಸು. ವಾರದ ರಜೆ ಆಗ ಶುಕ್ರವಾರ.

ಮೊದಲು ಇವರ ಹುಚ್ಚಿನ ಕತೆ ಹೇಳಬೇಕು. ನಮ್ಮ ರೋನಿ ಇಪ್ಪತ್ತನೇ ವಯಸ್ಸಿಗೆ ಮಂಗಳೂರಿನಿಂದ ಬಂದು ದೇರಾದ ಒಂದು ಹೋಟೆಲಿಗೆ ವೇಟರ್ ಆಗಿ ಸೇರಿದರು. ಹೋಟೆಲಿನ ನೆಲಮಾಳಿಗೆಯಲ್ಲಿ ಒಂದು ಕ್ಲಬ್ಬು. ಅಲ್ಲಿ ರೆಕಾರ್ಡು ಹಾಕುತ್ತಿದ್ದವನು ಸುಡಾನಿನ ಉಸ್ಮಾನ್. ಹಾಕುತ್ತಿದ್ದದ್ದು ಸೋಲ್ ಸಂಗೀತ. ಅದೆಂತ ಅಂತ ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದಕ್ಕೆ ಇವರು ಹೇಳಿದ್ದು: "ಅಮೆರಿಕದ ಕಪ್ಪು ಜನ ಇಗರ್ಜಿಯಲ್ಲಿ ದೇವರಿಗೆ ಹಾಡಿದ ಗಂಟಲನ್ನೇ ತಂದು ಪ್ರೀತಿಗೂ ವಿರಹಕ್ಕೂ ಹಾಡಿದ್ದು, ಐರಿನ್." ಊರಿನ ಇಗರ್ಜಿಯ ಕೊಯರಿನಲ್ಲಿ ಹಾಡಿದ ಹುಡುಗ, ನೆಲಮಾಳಿಗೆಯಲ್ಲಿ ಖಾಲಿ ಗ್ಲಾಸು ಹೆಕ್ಕುತ್ತಾ ಆ ಗಂಟಲು ಕೇಳಿ ಅಲ್ಲೇ ಬಿದ್ದ. ಇನ್ನೂ ಎದ್ದಿಲ್ಲ.

ಆ ಕ್ಲಬ್ಬುಗಳ ಕಾಲದಲ್ಲಿ ಒಂದು ಪದ್ಧತಿ ಇತ್ತಂತೆ. ರೆಕಾರ್ಡಿನ ನಡುವೆ ಗುಂಡು ಕಾಗದ ಇರುತ್ತದಲ್ಲ, ಹಾಡಿನ ಹೆಸರು ಬರೆದದ್ದು, ಅದರ ಮೇಲೆ ಬಿಳಿ ಕಾಗದ ಅಂಟಿಸುವುದು. ಯಾಕೆ? ಪಕ್ಕದ ಹೋಟೆಲಿನವ ಬಂದು ಹೆಸರು ನೋಡಿಕೊಂಡು ಹೋಗಿ, ಅದೇ ರೆಕಾರ್ಡು ತರಿಸಿ, ಅದೇ ಹಾಡು ಹಾಕಿ, ಗಿರಾಕಿಗಳನ್ನು ಕದಿಯಬಾರದಲ್ಲ! ನಿಜವಾದ ಹೆಸರು ಉಸ್ಮಾನನಿಗೆ ಮಾತ್ರ ಗೊತ್ತು. ಬಿಳಿ ಕಾಗದದ ಮೇಲೆ ಅವನು ಒಂದು, ಎರಡು ಅಂತ ನಂಬರು ಬರೆದಿಡುತ್ತಿದ್ದ.

ಕ್ಲಬ್ಬು ಮುಚ್ಚಿತು. ಉಸ್ಮಾನ್ ಒಂದು ಟ್ರಾನ್ಸ್‌ಪೋರ್ಟ್ ಕಂಪನಿ ಸೇರಿದ. ಇವರು ಬೇರೆ ಹೋಟೆಲಿಗೆ ಹೋಗಿ ಬ್ಯಾಂಕ್ವೆಟ್ ನೋಡಿಕೊಂಡರು. ಎಷ್ಟೋ ವರ್ಷ ಕಳೆದು ಇಬ್ಬರೂ ಎಲ್ಲೋ ಸಿಕ್ಕಿದರು, ಸಿಕ್ಕಿದವರು ಸುಮ್ಮನೆ ಸಲಾಂ ಹೇಳಿ ಹೋಗಬಾರದಾ? ಇಲ್ಲ. ಅಲ್ ಕುಸೈಸ್‌ನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಶುಕ್ರವಾರದ ಕ್ಲಬ್ಬು ಶುರು ಮಾಡಿದರು. ಸದಸ್ಯರು ಮೂರೇ ಜನ. ಇವರು, ಉಸ್ಮಾನ್, ಮತ್ತೆ ಉಡುಪಿಯ ಸದಾನಂದಣ್ಣ. ಸದಾನಂದಣ್ಣ ಅಲ್ ಕೂಜ್‌ನಲ್ಲಿ ಮೀನಿನ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್. ಸೋಲ್ ಅಂದರೆ ಎಂತ ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಆದರೆ ನನ್ನ ಕೋರಿ ರೊಟ್ಟಿ ಅಂದರೆ ಎಂತ ಅಂತ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ನಾವು ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಉಸ್ಮಾನ್ ಕೆಳಗೆ ಲಿಫ್ಟಿನ ಹತ್ತಿರ ಅವರ ಊರಿನ ಬಿಳಿ ನಿಲುವಂಗಿ, ಜಲಾಬಿಯಾ ಹಾಕಿ, ಪೆಟ್ಟಿಗೆ ಹಿಡಿದು ನಿಂತಿರುತ್ತಿದ್ದ. ಅವನು ನಮಾಜಿಗೆ ಹೋಗಿ ಬಂದ ಮೇಲೆ ಊಟ. ಊಟದ ಮೇಲೆ ಮೂವರೂ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತು ಹಾಡು ಕೇಳುವುದು. ನಾನು ಮಾತ್ರ ಪಾತ್ರೆ ತೊಳೆಯುವುದು. ತೊಳೆಯುವಾಗ ಸದ್ದು ಮಾಡಿದರೆ "ಶ್ಶ್" ಬೇರೆ.

ಆ ಬಿಳಿ ಕಾಗದಗಳು ಹಳತಾಗಿ ಉದುರುತ್ತಿದ್ದವು. ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟಲಿಕ್ಕೆ ಮೈದಾ ಅಂಟು ಕುದಿಸಿದ್ದೆ. ಇವರಿಗೆ ಅದು ಕಣ್ಣಿಗೆ ಬಿತ್ತು. ಉಸ್ಮಾನ್ ನಮಗೆಲ್ಲ ಬೇರೆ ಕಡೆ ಮುಖ ತಿರುಗಿಸಿ ಅಂತ ಹೇಳಿ, ತಾನೇ ಹೊಸ ಕಾಗದ ಕತ್ತರಿಸಿ ಅಂಟಿಸಿದ. ನಂಬರು ಬೇಡ, ಹೆಸರು ಇಡುವ ಅಂತ ಇವರು ಹೇಳಿದರು. ಮಂಗಳೂರಿನವರಿಗೆ ಹೆಸರು ಇಡಲಿಕ್ಕೆ ಮೀನು ಬಿಟ್ಟರೆ ಬೇರೆ ಉಂಟಾ? ಬೂತಾಯಿ, ಬಂಗುಡೆ, ನಂಗ್, ಕೊಡ್ಡಾಯಿ. ಖಾರ್ಟೂಮಿನ ಆ ಆರಡಿ ಮನುಷ್ಯ ನಮ್ಮ ಸೋಫಾದಲ್ಲಿ ಕೂತು "ಯಲ್ಲಾ ರೋನಿ, ಬಂಗುಡೆ ಹಾಕು" ಅಂತ ಹೇಳುವುದನ್ನು ನನ್ನ ಅಮ್ಮ ಒಂದು ಸಲ ಫೋನಿನಲ್ಲಿ ಕೇಳಿ, ನಿಮ್ಮ ಮನೆಯಲ್ಲಿ ಯಾರು ಅಡುಗೆ ಮಾಡುವುದು ಅಂತ ವಿಚಾರಿಸಿದ್ದರು.

ಎಲ್ಲಕ್ಕಿಂತ ದೊಡ್ಡ ಹಾಡಿಗೆ ದೊಡ್ಡ ಮೀನಿನ ಹೆಸರು, ಅಂಜಲ್. ಒಬ್ಬಳು ಹೆಂಗಸು ಹಾಡಿದ್ದು. ಶುರುವಿನಲ್ಲಿ ಡ್ರಮ್ಮು ಮೂರು ಸಲ ಬಡಿಯುತ್ತದೆ, ಅವಳು ಗಂಡನಿಗೆ ಬಾಗಿಲು ತೆರೆಯುವುದಿಲ್ಲ ಅಂತ ಬೈಯುತ್ತಾಳೆ, ಬೈಯುತ್ತಾ ಬೈಯುತ್ತಾ ಅಳುತ್ತಾಳೆ, ಕೊನೆಗೆ ತೆರೆಯುತ್ತಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಅಷ್ಟೂ ಹಾಡುಗಳಲ್ಲಿ ನಾನು ನೀರು ನಿಲ್ಲಿಸಿ ಕೇಳುತ್ತಿದ್ದದ್ದು ಅದೊಂದನ್ನೇ. ಇವರಿಗೆ ಆ ರೆಕಾರ್ಡು ತನ್ನದೇ ಒಂದು ಬೇಕು. ಉಸ್ಮಾನ್ ಹೆಸರು ಹೇಳುವುದಿಲ್ಲ. "ನೀನೇ ಹುಡುಕಿ ತಾ. ತಂದ ದಿನ ನಾನು ನಿನಗೆ ಕೈ ಮುಗಿಯುತ್ತೇನೆ. ಅದೇ ಕ್ಲಬ್ಬಿನ ಕಾನೂನು" ಅಂತಿದ್ದ. ಹನ್ನೆರಡು ವರ್ಷ ಹುಡುಕಿದರು! ದೇರಾದ ಹಳೆ ಸಾಮಾನಿನ ಅಂಗಡಿ, ಊರಿಗೆ ಹೋಗುವ ಬಿಳಿಯರು ಮನೆ ಖಾಲಿ ಮಾಡುವಾಗ ಮಾರುವ ಪೆಟ್ಟಿಗೆ, ಎಲ್ಲ ತಂದು ಮನೆ ತುಂಬಿಸಿದರು. ಅಂಜಲ್ ಸಿಗಲಿಲ್ಲ. ಒಂದು ದಿನ ನನಗೆ ಮಂಡೆ ಬಿಸಿಯಾಗಿ, ಸೋಫಾದ ಹಿಂದೆ ಇದ್ದ ಎರಡು ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಹಾಕಿ ಸದಾನಂದಣ್ಣನ ಕೋಲ್ಡ್ ಸ್ಟೋರೇಜಿನ ಆಫೀಸಿಗೆ ಸಾಗಿಸಿದೆ. ಇವರಿಗೆ ಇಷ್ಟವಿಲ್ಲದ ರೆಕಾರ್ಡುಗಳೇ ಅವು. ಆದರೂ ಎರಡು ದಿನ ಮುಖ ಊದಿಸಿಕೊಂಡರು.

ಆ ವರ್ಷ ಏಪ್ರಿಲಿನಲ್ಲಿ ಉಸ್ಮಾನನ ಕಂಪನಿ ಮುಚ್ಚಿತು. ವೀಸಾ ಕ್ಯಾನ್ಸಲ್. ಹೆಂಡತಿ ಎಂದೋ ತೀರಿಕೊಂಡಿದ್ದಳು, ಮಗಳು ಖಾರ್ಟೂಮಿನಲ್ಲಿ ಅವನ ತಂಗಿಯ ಹತ್ತಿರ ಬೆಳೆದವಳು. ಹೋಗುವ ಮೊದಲಿನ ಶುಕ್ರವಾರ ಪೆಟ್ಟಿಗೆ ತಂದು ಇವರ ಕೈಯಲ್ಲಿಟ್ಟ. ಅರವತ್ತು ಚಿಲ್ಲರೆ ರೆಕಾರ್ಡು, ಎಲ್ಲ ಸಣ್ಣವು, ಒಂದೊಂದು ಬದಿಗೆ ಒಂದೊಂದೇ ಹಾಡು.

"ಇದು ಅಮಾನತು, ರೋನಿ, ನಂಬಿ ನಿನ್ನ ಹತ್ತಿರ ಇಡುವುದು. ಸೆಪ್ಟೆಂಬರಿನಲ್ಲಿ ಬರುತ್ತೇನೆ."

"ನನ್ನ ಕಣ್ಣು ಇಟ್ಟ ಹಾಗೆ ಇಡುತ್ತೇನೆ ಭಾಯ್" ಅಂದರು ಇವರು.

ಜುಲೈಯಲ್ಲಿ ಶಾಲೆಗೆ ರಜೆ. ನಾವು ಮೂವರೂ ಊರಿಗೆ ಹೊರಟೆವು, ನಲವತ್ತೈದು ದಿನ. ಹೊರಡುವ ಮೊದಲಿನ ವಾರ ಇವರು ನನಗೆ ದಿನಕ್ಕೆ ನಾಲ್ಕು ಸಲ ಹೇಳಿದ್ದು ಒಂದೇ ಮಾತು: "ಮಲಗುವ ಕೋಣೆಯ ಎಸಿ ಆರಿಸಬೇಡ. ಇಪ್ಪತ್ತನಾಲ್ಕರಲ್ಲಿ ಇರಲಿ. ರೆಕಾರ್ಡು ಉಂಟು."

ಈಗ ನಾನು ಸುಳ್ಳು ಹೇಳುವುದಿಲ್ಲ. ಮರೆತು ಆರಿಸಿದ್ದಲ್ಲ, ಬೇಕೆಂದೇ ಆರಿಸಿದ್ದು. ಟ್ಯಾಕ್ಸಿ ಕೆಳಗೆ ನಿಂತಿತ್ತು, ಅಪ್ಪ ಮಗಳು ಸೂಟ್‌ಕೇಸ್ ಇಳಿಸುತ್ತಿದ್ದರು. ನಾನು ಕೊನೆಯ ಸುತ್ತು ಬಂದೆ. ಗ್ಯಾಸು, ನಲ್ಲಿ, ಕಿಟಕಿ. ಫ್ರಿಜ್ಜು ಖಾಲಿ ಮಾಡಿ ಆಗಿತ್ತು. ಮಲಗುವ ಕೋಣೆಗೆ ಬಂದರೆ, ಖಾಲಿ ಕೋಣೆಯಲ್ಲಿ ಎಸಿ ಗುಂಯ್ ಅಂತ ತಣ್ಣಗೆ ಊದುತ್ತಿದೆ. ಹೊರಗೆ ಬಿಸಿಲಿಗೆ ಕಟ್ಟಡದ ಕೆಲಸದವರು ತಲೆಗೆ ಬಟ್ಟೆ ಸುತ್ತಿ ಗೋಡೆಯ ನೆರಳು ಹುಡುಕುತ್ತಿದ್ದಾರೆ. ಇಲ್ಲಿ ಪ್ಲಾಸ್ಟಿಕ್ ತಟ್ಟೆಗಳಿಗೆ ಒಂದೂವರೆ ತಿಂಗಳು ತಂಪು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹನ್ನೆರಡು ವರ್ಷದ ಪಾತ್ರೆ ತೊಳೆದ ಸಿಟ್ಟೂ ಅದರಲ್ಲಿ ಇತ್ತೋ ಏನೋ. ಮೈನ್ ಸ್ವಿಚ್ಚೇ ಇಳಿಸಿ, ಬೀಗ ಹಾಕಿ ಬಂದೆ.

"ಎಸಿ?" ಅಂತ ಕೇಳಿದರು ಟ್ಯಾಕ್ಸಿಯಲ್ಲಿ.

"ಹೂಂ" ಅಂದೆ.

ಆಗಸ್ಟ್ ಕೊನೆಗೆ ಬಂದು ಬಾಗಿಲು ತೆಗೆದಾಗ ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಜೊತೆಗೆ ಒಂದು ವಾಸನೆ, ಬೆಂದ ರಟ್ಟು, ಅಂಟು, ಪ್ಲಾಸ್ಟಿಕ್ಕು. ಪೆಟ್ಟಿಗೆಯನ್ನು ಇವರು ಪಶ್ಚಿಮದ ಕಿಟಕಿಯ ಕೆಳಗೆ, ಎಸಿಯ ಎದುರಿಗೇ ಇಟ್ಟಿದ್ದರು. ಎಸಿ ಇದ್ದಿದ್ದರೆ ಅದು ಮನೆಯಲ್ಲೇ ತಂಪಾದ ಜಾಗ. ಎಸಿ ಇಲ್ಲದಿದ್ದರೆ ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಬಿಸಿಲು. ಇವರು ಒಂದು ರೆಕಾರ್ಡು ಎಳೆದರು. ಮಳೆಗಾಲದ ಹಪ್ಪಳದ ಹಾಗೆ ಬಾಗಿ ಬಂತು. ಇನ್ನೊಂದು. ಮತ್ತೊಂದು. ನಮ್ಮ ಸ್ವಂತದ್ದೂ ಎಲ್ಲ ಹಾಗೇ, ಅದಕ್ಕೆ ನಾನು ಅಳುವವಳಲ್ಲ. ಆದರೆ ಅಂಜಲ್ ಹೊರಗೆ ಬಂದಾಗ ಅದರ ಒಂದು ಅಂಚು ಪೂರ್ತಿ ಮೇಲಕ್ಕೆ ತಿರುಗಿತ್ತು.

ಇವರು ಬೈಯಲಿಲ್ಲ. ಅದೇ ನನ್ನ ಸಂಕಟ. ಬೈದಿದ್ದರೆ ಒಂದಕ್ಕೆ ಹತ್ತು ನಾನೂ ಬೈದು, ಅತ್ತು, ಅನ್ನ ಬಡಿಸಿ ಮುಗಿಸುತ್ತಿದ್ದೆ. ಒಂದೇ ಒಂದು ಮಾತು ಹೇಳಿದರು: "ನನ್ನದಾಗಿದ್ದರೆ ಬೇರೆ ಮಾತು, ಐರಿನ್. ಇದು ಅಮಾನತು." ಆಮೇಲೆ ಮೌನ. ಡ್ಯೂಟಿಗೆ ಹೋಗುವುದು, ಬರುವುದು, ಪೆಟ್ಟಿಗೆ ಮುಂದೆ ಕೂರುವುದು. ಉಪ್ಪು ಕಡಿಮೆ ಅಂತಲೂ ಹೇಳುವುದಿಲ್ಲ. ಬೇಕೆಂದೇ ಒಂದು ದಿನ ಸಾರಿಗೆ ಉಪ್ಪು ಹಾಕಲೇ ಇಲ್ಲ. ಉಂಡು ಎದ್ದು ಹೋದರು ಮಾರಾಯ್ರೆ!

ರಿಪೇರಿಯ ಸಂಭ್ರಮ ಬೇರೆ. ಸದಾನಂದಣ್ಣ ಮೀನಿನ ಗೋದಾಮಿನಿಂದ ಓಡಿ ಬಂದು, "ಅಕ್ಕ, ಎಂತ ಹೆದರುವುದು ಬೇಡ, ಎರಡು ಗ್ಲಾಸಿನ ನಡುವೆ ಇಟ್ಟು ಬಿಸಿಲಿಗೆ ಹಿಡಿದರೆ ಸೀದಾ ಆಗ್ತದೆ" ಅಂದರು. ಹಿಡಿದೆವು. ಒಂದು ಗ್ಲಾಸು ಒಡೆಯಿತು, ಒಳಗಿನ ಕೊಡ್ಡಾಯಿ ಇನ್ನೊಂದು ಕಡೆಗೆ ಬಾಗಿತು. ಆಮೇಲೆ ಭಾರ ಹೇರಬೇಕು ಅಂದರು. ಊರಿನಿಂದ ತಂದ ಕುಚ್ಚಲಕ್ಕಿಯ ಚೀಲ ಹೇರಿದೆವು. ಹತ್ತು ದಿನ ಅನ್ನ ಮಾಡಲಿಕ್ಕೆ ಅಕ್ಕಿ ತೆಗೆಯುವ ಹಾಗಿಲ್ಲ, ಚೀಲ ಅಲ್ಲಾಡಿದರೆ ಸೋಲ್ ಸಂಗೀತ ಕೆಡುತ್ತದಂತೆ. ಚಪಾತಿ ತಿಂದೆವು. ಚೀಲ ಎತ್ತಿ ನೋಡಿದರೆ ಬಂಗುಡೆ ಎರಡು ತುಂಡು.

ಅಷ್ಟರಲ್ಲಿ ಉಸ್ಮಾನನ ಫೋನು. ಹೊಸ ಕೆಲಸ ಸಿಗಲಿಲ್ಲ. ವಿಸಿಟ್ ವೀಸಾದಲ್ಲಿ ಬರುತ್ತಾನೆ, ಕಂಪನಿಯ ಕಾಗದಪತ್ರ ಮುಗಿಸಿ, ಪೆಟ್ಟಿಗೆ ತಗೊಂಡು ಊರಿಗೆ ಹೋದರೆ ಮತ್ತೆ ಇಲ್ಲಿಗೆ ಇಲ್ಲ, ಖಲಾಸ್. ಗುರುವಾರ ಬರುತ್ತಾನೆ. ಇವರು ಫೋನಿನಲ್ಲಿ ಎಂತದೂ ಹೇಳಲಿಲ್ಲ, "ಬಾ ಭಾಯ್" ಅಂದರು ಅಷ್ಟೆ. ಫೋನು ಇಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಮೂವತ್ತು ವರ್ಷದ ಗೆಳೆತನ ನನ್ನ ಒಂದು ಬೆರಳಿಂದ ಹೋಯ್ತಾ ಅಂತ ಆಗ ನನಗೆ ನಿಜವಾಗಿ ಹೆದರಿಕೆ ಆಯ್ತು.

ಬುಧವಾರ ನನಗೆ ಕ್ಲಿನಿಕ್ಕಿಗೆ ರಜೆ. ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನಿಸ್ಟ್ ನಾನು. ಕೊಡುವಾಗ ಕಡೇಪಕ್ಷ ಚೊಕ್ಕ ಆದರೂ ಇರಲಿ ಅಂತ ಉಸ್ಮಾನನ ರೆಕಾರ್ಡುಗಳನ್ನು ಸಿಂಕಿನಲ್ಲಿ ಸೋಪು ಹಾಕಿ ತೊಳೆಯಲಿಕ್ಕೆ ಹೊರಟೆ. ಮೊದಲು ಅಂಜಲ್. ಸೋಪಿನ ನೀರು ತಾಗಿದ್ದೇ ಮೈದಾ ಅಂಟು ಕರಗಿ ಬಿಳಿ ಕಾಗದ ನನ್ನ ಕೈಗೇ ಬಂತು. ಸಾಯ್ಬಾ ದೇವಾ! ಬಾಗಿಸಿದ್ದು ಸಾಲದು ಅಂತ ಈಗ ಗುಟ್ಟು ಬೇರೆ ತೊಳೆದೆ!

ಕೆಳಗಿನ ಕಾಗದ ಕಿತ್ತಳೆ ಬಣ್ಣ. ಹಕ್ಕಿಯ ಚಿತ್ರ. ನೋಡಿದೆ, ಪುನಃ ನೋಡಿದೆ. ಈ ಹಕ್ಕಿಯನ್ನು ನಾನು ಎಲ್ಲೋ ಕಂಡಿದ್ದೇನಲ್ಲ? ನೆನಪಾಯ್ತು. ಶರಲ್ ಮೂರು ವರ್ಷದವಳಿರುವಾಗ ಇವರ ಒಂದು ರೆಕಾರ್ಡಿನ ಹಕ್ಕಿಗೆ ನೀಲಿ ಕ್ರೆಯಾನಿನಲ್ಲಿ ಮೀಸೆ ಬರೆದಿದ್ದಳು. ನಾನು ಹೆದರಿಕೊಂಡು ತೋರಿಸಿದರೆ ಇವರು, "ಹೋಗಲಿ ಬಿಡು, ಅದು ಬೋರು ಹಾಡು, ಒಂದೇ ಸಲ ಹಾಕಿದ್ದು" ಅಂತ ಸೋಫಾದ ಹಿಂದಿನ ಪೆಟ್ಟಿಗೆಗೆ ಎಸೆದಿದ್ದರು.

ಬಟ್ಟೆ ಬದಲಿಸಲಿಲ್ಲ, ಮನೆಯಲ್ಲಿ ಹಾಕಿದ ಮ್ಯಾಕ್ಸಿಯ ಮೇಲೆ ಒಂದು ಶಾಲು ಎಳಕೊಂಡು ಟ್ಯಾಕ್ಸಿ ಹಿಡಿದು ಅಲ್ ಕೂಜ್‌ಗೆ ಹೋದೆ. "ಎಂತ ಅಕ್ಕ, ಹೀಗೆ?" ಅಂದರು ಸದಾನಂದಣ್ಣ. "ನಿಮ್ಮ ಮೀನು ನೋಡಲಿಕ್ಕೆ" ಅಂದೆ. ಅವರ ಆಫೀಸಿನ ಆ ಎರಡು ಪೆಟ್ಟಿಗೆ, ನಾನು ಮನೆಯಿಂದ ಓಡಿಸಿದ್ದು, ಕೋಲ್ಡ್ ಸ್ಟೋರೇಜಿನ ತಂಪಿನಲ್ಲಿ ರಾಜನ ಹಾಗೆ ಕೂತಿತ್ತು. ಮೀಸೆಯ ಹಕ್ಕಿ ಸಿಕ್ಕಿತು. ಬಾಗಿಲ್ಲ, ಒಂದು ಗೀರು ಇಲ್ಲ.

ಮನೆಗೆ ತಂದು ಹಾಕಿದೆ. ಮೀಸೆ ಇದ್ದ ಬದಿಯಲ್ಲಿ ಯಾರೋ ಗಂಡಸು ನಿದ್ದೆಯಲ್ಲಿ ಹಾಡಿದ ಹಾಗೆ ಹಾಡುತ್ತಾನೆ. ತಿರುಗಿಸಿ ಹಿಂದಿನ ಬದಿ ಹಾಕಿದೆ. ಡ್ರಮ್ಮು ಮೂರು ಸಲ ಬಡಿಯಿತು. ಅವಳು ಬಂದಳು, ಬಾಗಿಲು ತೆರೆಯುವುದಿಲ್ಲ ಅಂತ ಬೈಯಲಿಕ್ಕೆ ಶುರು ಮಾಡಿದಳು.

ನಾನೂ ಶುರು ಮಾಡಿದೆ. ಒಬ್ಬಳೇ ನಿಂತು ಜೋರಾಗಿ ಬೈದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಅಂತ ಗಾದೆ ಕೇಳಿದ್ದೆ, ಅಂಥವನನ್ನೇ ಕಟ್ಟಿಕೊಂಡಿದ್ದೇನೆ ಅಂತ ಗೊತ್ತಿರಲಿಲ್ಲ. ಹನ್ನೆರಡು ವರ್ಷ! ರೆಕಾರ್ಡಿಗೆ ಎರಡು ಬದಿ ಉಂಟು ಅಂತ ಮಗುವಿಗೆ ಗೊತ್ತು. ಒಂದು ಸಲ, ಒಂದೇ ಒಂದು ಸಲ, ತಿರುಗಿಸಿ ನೋಡುವ ಬುದ್ಧಿ ಬೇಡವಾ ಮನುಷ್ಯನಿಗೆ?

ಸಂಜೆ ಬರಲಿ, ಮುಖಕ್ಕೆ ಹಿಡಿಯುತ್ತೇನೆ ಅಂತ ಕಾದೆ. ಐದು ಗಂಟೆಗೆ ಬೆಲ್ಲು ಆಯಿತು. ತೆಗೆದರೆ ಉಸ್ಮಾನ್! ಗುರುವಾರದ ಟಿಕೆಟ್ ಸಿಗದೆ ಒಂದು ದಿನ ಮುಂಚೆಯೇ ಬಂದಿದ್ದ. ಕೈಯಲ್ಲಿ ಮಗಳು ಹುರಿದು ಕೊಟ್ಟ ಕಡಲೆಕಾಯಿಯ ಡಬ್ಬ. ಮೊದಲಿಗಿಂತ ಸಣಕಲಾಗಿದ್ದ.

ಚಹಾ ಮಾಡುತ್ತೇನೆ ಅಂದವಳು ಮಾಡಲಿಲ್ಲ. ಪೆಟ್ಟಿಗೆ ತಂದು ಮುಂದಿಟ್ಟು, ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಹೇಳಿಬಿಟ್ಟೆ. "ಉಸ್ಮಾನ್ ಭಾಯ್, ಎಸಿ ಆರಿಸಿದ್ದು ನಾನು. ರೋನಿ ಅಲ್ಲ. ಅವರು ಹೇಳಿದ್ದರು, ನಾನೇ ಬೇಕೆಂದು ಆರಿಸಿದೆ."

ಅವನು ಒಂದೊಂದೇ ತೆಗೆದು ಅಂಗೈ ಮೇಲೆ ಇಟ್ಟು ನೋಡಿದ. ತುಂಡಾದ ಬಂಗುಡೆಯನ್ನು ಜೋಡಿಸಿ ನೋಡಿದ.

"ಸಿಸ್ಟರ್, ನಾನು ಮೂವತ್ತು ವರ್ಷ ಇವನ್ನು ಕಾದೆ" ಅಂದ. "ನನ್ನ ಮಗಳನ್ನು ಸಹ ಇಷ್ಟು ನೋಡಿಕೊಂಡಿಲ್ಲ." ಎದ್ದು ನಿಂತ. ಬಾಗಿಲ ಕಡೆ ಹೊರಟ. ಪೆಟ್ಟಿಗೆಯನ್ನೂ ತಗೊಳ್ಳಲಿಲ್ಲ.

ಅವನನ್ನು ಹಾಗೆ ಕಳಿಸಲಿಕ್ಕೆ ಆಗುತ್ತದಾ? ಓಡಿ ಹೋಗಿ ಮೀಸೆಯ ಹಕ್ಕಿಯನ್ನು ಅವನ ಮುಂದೆ ಹಿಡಿದೆ. "ಇದು ಅಂಜಲ್. ನಿಮ್ಮದರ ಕಾಗದ ಬಿಟ್ಟು ಹೋಯ್ತು, ಆಗ ಗೊತ್ತಾಯ್ತು. ನಮ್ಮ ಮನೆಯಲ್ಲೇ ಒಂದು ಇತ್ತು. ಇದೊಂದಾದರೂ ಸರಿ ಉಂಟು, ತಗೊಂಡು ಹೋಗಿ ಭಾಯ್."

ಅವನು ರೆಕಾರ್ಡು ನೋಡಲಿಲ್ಲ, ನನ್ನ ಮುಖ ನೋಡಿದ. ಸಿಟ್ಟು ಇಳಿದು ಅಲ್ಲಿ ಬೇರೆಯೇ ಒಂದು ಬಂತು, ಹೆದರಿಕೆ.

"ರೋನಿಗೆ ಗೊತ್ತಾ?"

"ಇಲ್ಲ. ಬರಲಿ, ಹೇಳುತ್ತೇನೆ, ಬಿಡುತ್ತೇನಾ!"

"ಹೇಳಬೇಡಿ ಸಿಸ್ಟರ್." ಬಂದು ಪುನಃ ಕೂತ. "ನನಗೆ ಗೊತ್ತಿತ್ತು. ನಿಮ್ಮ ಮನೆಗೆ ಬಂದ ಎರಡನೇ ಶುಕ್ರವಾರವೇ ನೋಡಿದ್ದೆ. ಸೋಫಾದ ಹಿಂದೆ. ಆಗ ಮೀಸೆ ಇರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಹೇಳಲಿಕ್ಕೆ ಎಂತ ರೋಗ ನಿಮಗೆ? ಆ ಮನುಷ್ಯ ಹುಚ್ಚನ ಹಾಗೆ ಊರೆಲ್ಲ ತಿರುಗಿದ್ದು ಕಾಣಲಿಲ್ಲವಾ?"

"ಹೇಳಿದ್ದರೆ ಮೂರನೇ ಶುಕ್ರವಾರ ನನ್ನನ್ನು ಯಾರು ಕರೆಯುತ್ತಿದ್ದರು?"

ಅವನ ಮುಂದೆ ಹಿಡಿದಿದ್ದ ರೆಕಾರ್ಡನ್ನು ನಾನು ಕೆಳಗೆ ಇಟ್ಟೆ.

"ರೂಮಿನಲ್ಲಿ ಎಂಟು ಜನ ಇದ್ದೆವು" ಅಂದ. "ಶುಕ್ರವಾರ ಎಲ್ಲರೂ ಮಲಗುತ್ತಾರೆ. ನನಗೆ ನಿದ್ದೆ ಬರುವುದಿಲ್ಲ. ಇಲ್ಲಿ ಊಟ, ಮಗುವಿನ ಸದ್ದು, ನೀವು ಪಾತ್ರೆ ಬಡಿಯುವ ಸದ್ದು. ರೋನಿಗೆ ಹಾಡು ಸಿಕ್ಕಿಬಿಟ್ಟರೆ ಮತ್ತೆ ನಾನು ಯಾಕೆ ಬೇಕು ಅಂತ ಹೆದರಿಕೆ. ಮೊದಲು ಒಂದು ವಾರ ಹೇಳಲಿಲ್ಲ. ಆಮೇಲೆ ಹೇಳಲಿಕ್ಕೆ ನಾಚಿಕೆ ಆಯ್ತು."

ಎಷ್ಟೋ ಗುರುವಾರ ನಾನು ಇವರ ಹತ್ತಿರ "ನಾಳೆಯೂ ಬರ್ತಾನಾ ಅವನು?" ಅಂತ ಕೇಳಿದ್ದುಂಟು. ಎಷ್ಟೋ ಶುಕ್ರವಾರ ಪಾತ್ರೆಯನ್ನು ಬೇಕೆಂದೇ ಬಡಿದದ್ದೂ ಉಂಟು. ಅದು ಇವನಿಗೆ ಮನೆಯ ಸದ್ದಾಗಿ ಕೇಳುತ್ತಿತ್ತಂತೆ. ನನಗೆ ಭೂಮಿಗೆ ಇಳಿದು ಹೋದ ಹಾಗಾಯ್ತು.

ಇನ್ನೂ ಹಾಡು ಸಿಕ್ಕದಿದ್ದರೆ ರೋನಿ ನನಗೆ ಫೋನು ಮಾಡುತ್ತಾ ಇರುತ್ತಾನೆ, ಅಂದ ಉಸ್ಮಾನ್. ಅಷ್ಟು ದೂರದಿಂದ ಇಬ್ಬರು ಮುದುಕರು ಮತ್ತೆ ಮಾತಾಡುವುದಾದರೂ ಎಂತ?

ನಾನು ಎದ್ದು ಒಲೆ ಹಚ್ಚಿದೆ. ಮೈದಾ ಕಲಸಿ ಅಂಟು ಕುದಿಸಿದೆ. ಅವನು ಕತ್ತರಿ ಹಿಡಿದು ಗುಂಡು ಕಾಗದ ಕತ್ತರಿಸಿದ, ನಾನು ಬೆರಳಲ್ಲಿ ಅಂಟು ಹಚ್ಚಿದೆ. ಬಾಗಿದ ಅಂಜಲಿನ ಎರಡೂ ಬದಿಗೆ ಬಿಳಿ ಕಾಗದ ಕೂತಿತು. ಇವರ ಅಕ್ಷರವನ್ನೇ ನೋಡಿ ನಾನೇ ಹೆಸರು ಬರೆದೆ. ಮೀಸೆಯ ಹಕ್ಕಿ ನನ್ನ ಮದುವೆ ಸೀರೆಯ ಮಡಿಕೆಯೊಳಗೆ ಹೋಯಿತು. ಗಂಡಸರು ತೆರೆಯದ ಜಾಗ ಮನೆಯಲ್ಲಿ ಅದೊಂದೇ.

ಇವರು ಏಳಕ್ಕೆ ಬಂದರು. ಸೋಫಾದಲ್ಲಿ ಉಸ್ಮಾನ್ ಕೂತದ್ದು ಕಂಡು ಬಾಗಿಲಲ್ಲೇ ನಿಂತರು, ಒಳಗೆ ಬರಲಿಕ್ಕೆ ಧೈರ್ಯ ಇಲ್ಲ. ಅವನೇ ಎದ್ದು ಹೋಗಿ ಅಪ್ಪಿಕೊಂಡ. "ಸಿಸ್ಟರ್ ಎಲ್ಲ ಹೇಳಿದರು. ಖಲಾಸ್. ನನ್ನ ಸಿಟ್ಟೂ ಖಲಾಸ್" ಅಂದ. ಇವರು ಅವನ ಭುಜದ ಮೇಲೆ ತಲೆ ಇಟ್ಟು ಅತ್ತರು. ನಾಲ್ಕು ವಾರ ಬಾಯಿ ಬಿಡದವರು ಅತ್ತದ್ದು ನೋಡಿ ನಾನೂ ಅಡುಗೆಮನೆಗೆ ಹೋಗಿ ಅತ್ತೆ.

ಹೋಗುವ ದಿನ ಉಸ್ಮಾನ್ ಪೆಟ್ಟಿಗೆ ಎತ್ತಿಕೊಂಡ, ಅಂಜಲ್ ಒಂದನ್ನು ಇವರ ಕೈಯಲ್ಲೇ ಬಿಟ್ಟ. "ಇದು ಇಲ್ಲೇ ಇರಲಿ. ನೀನು ಸರಿಯಾದದ್ದು ಹುಡುಕು. ಆದರೆ ಕಾನೂನು ಕಾನೂನೇ, ಕಾಗದ ಕೀಳಬಾರದು." ಇವರು ಹೂಂ ಅಂದರು. ಅಂದ ಮೇಲೆ ಮುಗಿಯಿತು. ಹನ್ನೊಂದು ವರ್ಷವಾಯಿತು, ಒಂದು ಉಗುರು ತಾಗಿಸಿಲ್ಲ. ಶರಲ್ ಒಮ್ಮೆ ಮೊಬೈಲು ಹಿಡಿದು, ಹಾಡು ಹುಡುಕಿ ಕೊಡುವ ಆ್ಯಪ್ ಉಂಟು ಡ್ಯಾಡಾ ಅಂದಳು. ನನ್ನ ಜೀವ ಬಾಯಿಗೆ ಬಂತು. ಅದು ಕ್ಲಬ್ಬಿನ ಕಾನೂನಲ್ಲಿ ಇಲ್ಲ ಅಂತ ಇವರು ಮೊಬೈಲನ್ನೇ ಉಲ್ಟಾ ಇಟ್ಟರು.

ಆವತ್ತಿನಿಂದ ಪ್ರತಿ ಬೇಸಿಗೆ ಊರಿಗೆ ಹೋಗುವಾಗ ನಾನೇ ಎಸಿ ಇಪ್ಪತ್ತನಾಲ್ಕಕ್ಕೆ ಇಟ್ಟು, ಎರಡು ಸಲ ನೋಡಿ ಬೀಗ ಹಾಕುತ್ತೇನೆ. ರಜೆ ಶುಕ್ರವಾರದಿಂದ ಶನಿವಾರಕ್ಕೆ ಹೋಯಿತು, ಉಸ್ಮಾನನ ಫೋನೂ ಶನಿವಾರಕ್ಕೆ ಬಂತು. ಖಾರ್ಟೂಮಿನಲ್ಲಿ ಯುದ್ಧ ಶುರುವಾದ ಮೇಲೆ ಏಳು ಶನಿವಾರ ಫೋನು ಬರಲಿಲ್ಲ. ಎಂಟನೆಯದಕ್ಕೆ ಕೈರೋದಿಂದ ಬಂತು. ಮಗಳ ಜೊತೆ ಉಟ್ಟ ಬಟ್ಟೆಯಲ್ಲಿ ಹೊರಟು ಬಂದಿದ್ದ, ಮನೆ ಇಲ್ಲ, ಪೆಟ್ಟಿಗೆಯೂ ಇಲ್ಲ. ಅದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿ, "ಅಂಜಲ್ ಸಿಕ್ಕಿತಾ?" ಅಂತ ಕೇಳಿದನಂತೆ.

ಹೀಗೆ ನಾನು ಚಿಪ್ಸು ಮುಟ್ಟದೆ ಕೂತಿರುವಾಗ ಮೂಲೆಯಿಂದ ಇವರ ದನಿ ಬಂತು. "ಶರಲ್, ನೋಡಿಲ್ಲಿ!" ಕೈಯಲ್ಲಿ ಒಂದು ಸಣ್ಣ ರೆಕಾರ್ಡು. ಕಿತ್ತಳೆ ಕಾಗದ, ಹಕ್ಕಿ. "ನೀನು ಸಣ್ಣದಿರುವಾಗ ಮೀಸೆ ಬರೆದದ್ದು ಇದಕ್ಕೇ. ನಮ್ಮ ಹತ್ತಿರ ಒಂದು ಇತ್ತು."

"ಓ ಮೈ ಗಾಡ್, ತಗೊಳ್ಳಿ ಡ್ಯಾಡಾ!"

"ಏ, ಬೋರು ಹಾಡು ಮಾರಾಯ್ತಿ. ಅದಕ್ಕೆ ಯಾರು ದುಡ್ಡು ಹಾಕುತ್ತಾರೆ!" ಅಂದರು.

ಅಷ್ಟರಲ್ಲಿ ಇವರ ಕಿಸೆಯಲ್ಲಿ ಫೋನು. ರೆಕಾರ್ಡನ್ನು ಒಂದು ಕೈಯಲ್ಲಿ ಹಿಡಿದೇ ಎತ್ತಿದರು. "ಹಾಂ ಉಸ್ಮಾನ್ ಭಾಯ್... ಅಂಗಡಿಯಲ್ಲೇ ಇದ್ದೇನೆ... ಇಲ್ಲ ಭಾಯ್, ಇವತ್ತೂ ಸಿಗಲಿಲ್ಲ." ಆ ಕಡೆಯಿಂದ ಎಂತ ಹೇಳಿದನೋ, ಇವರು ಅಷ್ಟು ಜನರ ನಡುವೆ ಜೋರಾಗಿ ನಕ್ಕರು. ನಗುತ್ತಾ ಹಕ್ಕಿಯ ರೆಕಾರ್ಡನ್ನು ಪೆಟ್ಟಿಗೆಗೆ ವಾಪಸು ಹಾಕಿದರು.

ತಿರುಗಿಸಿ ನೋಡಿ ಮಾರಾಯ್ರೆ, ಒಂದು ಸಲ ತಿರುಗಿಸಿ ನೋಡಿ ಅಂತ ಕಿರುಚುವಷ್ಟು ಸಿಟ್ಟು ನನ್ನ ಗಂಟಲ ತನಕ ಬಂತು. ಮುಂದಿನ ವರ್ಷ ಇವರು ರಿಟೈರ್, ಆಮೇಲೆ ಈ ಹುಡುಕಾಟವೂ ಆ ಫೋನೂ ಬಿಟ್ಟರೆ ಇವರಿಗೆ ಬೇರೆ ಎಂತ ಉಂಟು? ನೀರು ಕುಡಿದು ಅದನ್ನು ಕೆಳಗೆ ಇಳಿಸಿದೆ.

"ಸುಮ್ಮನೆ ಎಂತಕ್ಕೆ ನಿಂತಿದ್ದೀರಿ?" ಅಂದೆ. "ಆ ಮೇಜಿನ ಅಡಿಯಲ್ಲಿ ಇನ್ನೂ ಎರಡು ಪೆಟ್ಟಿಗೆ ಉಂಟು. ಅದನ್ನು ಯಾರು ನೋಡುವುದು?"